ನೀರಿಳಿದ ದಾರಿಯಲ್ಲಿ ಅಪ್ಪನ ಸೈಕಲ್

ಮೇ ತಿಂಗಳ ಒಂದು ಬೆಳಿಗ್ಗೆ ಐದೂವರೆಗೆ ನಾನೂ ಅಪ್ಪನೂ ತೀರ್ಥಹಳ್ಳಿಯ ನಮ್ಮ ಮನೆಯಿಂದ ಎರಡು ಸೈಕಲ್ಲುಗಳಲ್ಲಿ ಹೊರಟೆವು. ಶರಾವತಿ ಹುಟ್ಟುವ ಅಂಬುತೀರ್ಥದಿಂದ ಅದು ಲಿಂಗನಮಕ್ಕಿಯ ಹಿನ್ನೀರಾಗಿ ಹರಡಿಕೊಳ್ಳುವ ಸಾಗರ ಸೀಮೆಯವರೆಗೆ, ಬಸ್ಸು ಲಾರಿ ಓಡಾಡದ ಒಳದಾರಿಗಳಲ್ಲಿ ಮೂರು ದಿನ ಹೋಗುವುದೆಂದು ಗೊತ್ತುಮಾಡಿಕೊಂಡಿದ್ದೆವು. ನಾನು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕಿ. ಪ್ರತಿ ಬೇಸಿಗೆ ರಜೆಯಲ್ಲೂ ಇಬ್ಬರು ಸಹೋದ್ಯೋಗಿಗಳ ಜೊತೆ ಹೀಗೆ ಹೋಗುವುದುಂಟು. ಈ ಸಲ ಅವರಿಬ್ಬರಿಗೂ ಬರಲಾಗಲಿಲ್ಲ. ಪ್ರವಾಸವನ್ನೇ ಬಿಡೋಣವೆಂದುಕೊಂಡಿದ್ದಾಗ ಅಪ್ಪ, "ನಾನು ಬರ್ತೀನಿ," ಅಂದ.

ಅಪ್ಪನಿಗೆ ಅರವತ್ತೆರಡು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ತೀರ್ಥಹಳ್ಳಿ, ಹೊಸನಗರ, ಸಾಗರದ ನಡುವೆ ಖಾಸಗಿ ಬಸ್ಸು ಓಡಿಸಿದವನು. ಸಕ್ಕರೆ ಕಾಯಿಲೆ ಶುರುವಾದ ಮೇಲೆ ಡಾಕ್ಟರು ಸೈಕಲ್ ತುಳಿಯಿರಿ ಅಂದಿದ್ದರಿಂದ ವರ್ಷದಿಂದ ನನ್ನ ಹಳೆಯ ಗೇರ್ ಸೈಕಲ್ಲಿನಲ್ಲಿ ಬೆಳಿಗ್ಗೆ ಎಂಟು ಹತ್ತು ಕಿಲೋಮೀಟರ್ ಹೋಗಿಬರುತ್ತಿದ್ದ. ಜೊತೆಗೆ ಬರಲು ಎರಡೇ ಮಾತು ಹೇಳಿದ್ದ. ಮೇನ್ ರೋಡ್ ಬೇಡ. ಹಿನ್ನೀರಿನ ದಡದಲ್ಲಿ ತಾನು ಹೇಳಿದ ಒಂದು ಊರಿಗೆ ಹೋಗಬೇಕು. ಯಾರೋ ಹಳೆಯ ಪರಿಚಯದವರಿರಬೇಕು ಅಂದುಕೊಂಡು ನಾನು ನಕ್ಷೆಯಲ್ಲಿ ಆ ಊರನ್ನೂ ಗುರುತುಮಾಡಿದೆ. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುಂದೆ ಬರುವವರ ಹೆಸರುಗಳನ್ನೂ ಬದಲಿಸಿದ್ದೇನೆ.

ತೀರ್ಥಹಳ್ಳಿಯಿಂದ ಅಂಬುತೀರ್ಥಕ್ಕೆ ಸುಮಾರು ಇಪ್ಪತ್ತು ಕಿಲೋಮೀಟರ್. ತುಂಗೆಯ ಬಯಲು ಮುಗಿದ ಮೇಲೆ ಏರು ಶುರುವಾಗುತ್ತದೆ. ಬಿಸಿಲು ಬರುವ ಮುಂಚೆ ಏರು ಮುಗಿಸಬೇಕೆಂದು ನಾನು ಅವಸರಪಡುತ್ತಿದ್ದರೆ ಅಪ್ಪ ಅತಿ ಸಣ್ಣ ಗೇರಿನಲ್ಲಿ ಒಂದೇ ಸಮ ತುಳಿಯುತ್ತ ಬಂದ. ಎರಡು ಕಡೆ ಇಳಿದು ತಳ್ಳಿದ. ದಾರಿಯಲ್ಲಿ ನಮಗೆ ಎದುರಾದದ್ದು ಒಂದು ಹಾಲಿನ ಟಿವಿಎಸ್, ಒಂದು ಜೀಪು, ಅಷ್ಟೇ. ಜೀಪಿನ ಶಬ್ದ ದೂರದಲ್ಲಿ ಕೇಳಿದಾಗಲೇ ಅಪ್ಪ ಸೈಕಲ್ಲಿನಿಂದ ಇಳಿದು ಚರಂಡಿಯ ಆಚೆ ನಿಂತುಬಿಟ್ಟ. ಅದು ಹೋದ ಮೇಲೂ ಸ್ವಲ್ಪ ಹೊತ್ತು ಹತ್ತಲಿಲ್ಲ. ಸುಸ್ತಾಗಿರಬೇಕೆಂದು ನಾನು ಬಾಟಲಿ ಕೊಟ್ಟೆ.

ಎಂಟು ಗಂಟೆಗೆ ಅಂಬುತೀರ್ಥದಲ್ಲಿದ್ದೆವು. ರಾಮ ಬಾಣ ಬಿಟ್ಟು ನೀರು ತರಿಸಿದ ಜಾಗವೆಂದು ಹೇಳುತ್ತಾರೆ. ಮುಂದೆ ಊರುಗಳನ್ನೇ ಮುಳುಗಿಸುವ ನದಿ ಇಲ್ಲಿ ಬೊಗಸೆಯಲ್ಲಿ ಹಿಡಿಯುವಷ್ಟೇ ಇದೆ. ಅಮ್ಮ ಕಟ್ಟಿಕೊಟ್ಟಿದ್ದ ಅವಲಕ್ಕಿ, ಬಾಳೆಹಣ್ಣು ತಿಂದೆವು. ಪೂಜೆಗೆ ಬಂದಿದ್ದ ಭಟ್ಟರು ಸೈಕಲ್ಲುಗಳನ್ನು ನೋಡಿ, "ಹರಕೆಯಾ?" ಎಂದು ಕೇಳಿದರು. ನಾನು ಇಲ್ಲವೆಂದೆ. ಅಪ್ಪ ಇಲ್ಲವೆನ್ನದೆ ಬಾಟಲಿಗೆ ನೀರು ತುಂಬಿಕೊಂಡ.

ಅಲ್ಲಿಂದ ಹೊಸನಗರದ ಕಡೆಗೆ ಕಾಡಿನ ನಡುವಿನ ಸಣ್ಣ ರಸ್ತೆ ಹಿಡಿದೆವು. ಅರ್ಧ ಡಾಂಬರು, ಅರ್ಧ ಜಲ್ಲಿ. ಹಲಸಿನ ಹಣ್ಣು ಬಿದ್ದು ಒಡೆದಲ್ಲೆಲ್ಲ ವಾಸನೆ ದಾರಿಗೆ ಅಡ್ಡ ನಿಂತಿತ್ತು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಹೊಳೆಗೆ ಕಟ್ಟಿದ ಒಂದು ಕಿರುಸೇತುವೆ ಸಿಕ್ಕಿತು. ಶರಾವತಿ ಅಲ್ಲಿ ಮೊಣಕಾಲುದ್ದ. ಬಂಡೆಯ ಮೇಲೆ ಕೂತು ಕಾಲು ನೀರಿಗೆ ಬಿಟ್ಟೆವು. ಅಪ್ಪ ಹೇಳಬೇಕೆಂದಿದ್ದನ್ನು ಹೇಳಿದ್ದು ಅಲ್ಲಿ.

"ಆ ಊರಲ್ಲಿರೋದು ಕೊಡೆ ರಿಪೇರಿಯವರ ಮನೆ, ಸುಜಿ."

ನನಗೆ ತಕ್ಷಣ ಅರ್ಥವಾಯಿತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಮುಂಗಾರು ಹಿಡಿದ ವಾರದಲ್ಲಿ, ಅಪ್ಪನ ಬಸ್ಸಿಗೆ ಸಿಕ್ಕಿ ಒಬ್ಬರು ಸತ್ತಿದ್ದರು. ಸೈಕಲ್ಲಿನಲ್ಲಿ ಊರೂರು ತಿರುಗಿ ಕೊಡೆ ರಿಪೇರಿ ಮಾಡುತ್ತಿದ್ದವರು. ಮನೆಗೆ ಪೊಲೀಸರು ಬಂದಿದ್ದರು. ಅಪ್ಪ ಒಂದು ತಿಂಗಳು ಕೆಲಸಕ್ಕೆ ಹೋಗಿರಲಿಲ್ಲ. ಆಮೇಲೆ ಕೋರ್ಟಿನಲ್ಲಿ ಬಿಡುಗಡೆಯಾಯಿತು. "ಸೈಕಲ್‌ನವನೇ ಜಾರಿ ಬಿದ್ದದ್ದು, ನಿಮ್ಮಪ್ಪನ ತಪ್ಪಿಲ್ಲ," ಎಂದು ಅಮ್ಮ ಹೇಳಿದ್ದಳು. ಆ ಮಾತನ್ನು ನಾನು ಶಾಲೆಯಲ್ಲಿ ಎಷ್ಟೋ ಸಲ ಹೇಳಿದ್ದೆ.

"ಜಾರಿ ಬಿದ್ದದ್ದು ಹೌದು," ಅಪ್ಪ ಹೇಳಿದ. "ಯಾಕೆ ಜಾರಿದ್ರು ಅಂತ ಯಾರೂ ಕೇಳ್ಲಿಲ್ಲ. ನನಗೆ ಟೈಮ್ ತಪ್ಪಿತ್ತು. ಹಿಂದೆ ಇನ್ನೊಂದು ಬಸ್ಸು ಬರ್ತಿತ್ತು. ತಿರುವಲ್ಲಿ ಅವರ ಬೆನ್ನಿಗೇ ಹೋಗಿ ಹಾರ್ನ್ ಒತ್ತಿ ಹಿಡಿದೆ. ಅವರು ಬೆಚ್ಚಿ ಹ್ಯಾಂಡಲ್ ಪಕ್ಕಕ್ಕೆ ಎಳೆದ್ರು. ಮಣ್ಣು ಹಸಿ ಇತ್ತು. ಬಿದ್ದದ್ದು ಹಿಂದಿನ ಚಕ್ರದ ಹತ್ರ."

ಅವನು ಮುಗಿಸಿರಲಿಲ್ಲ.

"ಇಳಿದು ಓಡಿಹೋಗಿ ತಲೆ ತೊಡೆ ಮೇಲೆ ಇಟ್ಕೊಂಡೆ. ಅವರ ಬಾಯಿ ಹತ್ರಾನೇ ನನ್ನ ಮುಖ ಇತ್ತು. ಎಲೆಅಡಿಕೆ ವಾಸನೆ ಬಿಟ್ರೆ ಬೇರೆ ವಾಸನೆ ಇರ್ಲಿಲ್ಲ. ಆಮೇಲೆ ಬಸ್ಸಿನ ಮಾಲೀಕರ ಕಡೆಯವರು ಅವನು ಕುಡಿದಿದ್ದ ಅಂತ ಊರೆಲ್ಲ ಹಬ್ಬಿಸಿದ್ರು. ಕೋರ್ಟಲ್ಲಿ ನನ್ನ ಕೇಳಿದ್ರು, ಕುಡಿದ ಹಾಗೆ ಕಂಡನಾ ಅಂತ. ಗೊತ್ತಿಲ್ಲ ಸ್ವಾಮಿ ಅಂದೆ."

"ಈಗ ಯಾಕಪ್ಪಾ?" ಎಂದು ಕೇಳಿದೆ. ನನ್ನ ದನಿ ಗಡುಸಾಗಿತ್ತು.

ಎರಡು ತಿಂಗಳ ಹಿಂದೆ, ಬೆಳಿಗ್ಗೆ ಸೈಕಲ್ ತುಳಿಯುತ್ತಿದ್ದಾಗ ಹಿಂದಿನಿಂದ ಬಂದ ಬಸ್ಸು ಹಾರ್ನ್ ಹಾಕಿದಾಗ ತಾನು ಚರಂಡಿಗೆ ಬಿದ್ದದ್ದನ್ನು ಅಪ್ಪ ಹೇಳಿದ. ಮಂಡಿ ತರಚಿಕೊಂಡು ಬಂದದ್ದು ನನಗೆ ನೆನಪಿತ್ತು. ನಾಯಿ ಅಡ್ಡ ಬಂತೆಂದು ಆವತ್ತು ಹೇಳಿದ್ದ. "ಎದ್ದೇಳೋಕೆ ಆಗ್ಲಿಲ್ಲ. ಪೆಟ್ಟಿಗಲ್ಲ. ಮೂವತ್ತು ವರ್ಷ ನಾನು ಒಳಗೆ ಕೂತು ಒತ್ತಿದ್ದೇ. ಹೊರಗಿನಿಂದ ಅದು ಹೇಗೆ ಕೇಳ್ತದೆ ಅಂತ ಆವತ್ತು ಗೊತ್ತಾಯ್ತು." ಮುಂದೆ ಹೇಳಿದ, "ಬಸ್ಸಲ್ಲಿ ಹೋಗಿ ಅವರ ಮನೆ ಮುಂದೆ ಇಳಿಯೋದು ನನ್ನ ಕೈಲಾಗಲ್ಲ. ಅದಕ್ಕೇ ನಿನ್ನ ಜೊತೆ ಬಂದೆ."

ಹೊಸನಗರದವರೆಗಿನ ಉಳಿದ ಹದಿನೈದು ಕಿಲೋಮೀಟರ್ ನಾನು ಮುಂದೆ ಹೋದೆ. ಒಂದು ಸಲವೂ ನಿಂತು ಕಾಯಲಿಲ್ಲ. ಅಪ್ಪನ ಮೇಲಿನ ಸಿಟ್ಟು ಅದಾಗಿತ್ತು ಎನ್ನುವುದಕ್ಕಿಂತ, ನಾನು ಬೆಳೆದದ್ದು ಆ 'ಗೊತ್ತಿಲ್ಲ'ದ ನೆರಳಿನಲ್ಲಿ ಎಂಬ ಸಂಕಟ. ಪೇಟೆಯ ಹೊರಗಿನ ಲಾಡ್ಜಿನ ಮುಂದೆ ಅಪ್ಪ ಬಂದು ತಲುಪಿದಾಗ ಅವನ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಸಂಜೆ ಗುಡುಗಿ ಹತ್ತು ನಿಮಿಷ ಮಳೆ ಹೊಡೆಯಿತು. ಹೋಟೆಲಿನಲ್ಲಿ ನೀರುದೋಸೆ ಸಿಕ್ಕಿತು.

ಎರಡನೆಯ ದಿನ ನಲವತ್ತು ಕಿಲೋಮೀಟರ್ ಹೋಗಬೇಕಿತ್ತು. ಹೊಸನಗರ ದಾಟಿದ ಮೇಲೆ ನದಿ ನದಿಯಾಗಿ ಉಳಿಯುವುದಿಲ್ಲ. ಮಳೆಗಾಲದಲ್ಲಿ ಬೆಟ್ಟಗಳ ನಡುವೆ ತುಂಬಿ ನಿಲ್ಲುವ ಹಿನ್ನೀರು ಬೇಸಿಗೆಯಲ್ಲಿ ಸರಿದು, ಕೆಂಪು ದಡಗಳ ಮೇಲೆ ಗೆರೆಗೆರೆಯಾಗಿ ತನ್ನ ಮಟ್ಟಗಳನ್ನು ಬಿಟ್ಟು ಹೋಗಿರುತ್ತದೆ. ದಡದ ಒಳದಾರಿಯಲ್ಲಿ ಗಂಟೆಗಟ್ಟಲೆ ಯಾವ ವಾಹನವೂ ಬರಲಿಲ್ಲ. ಬೇರೆ ವರ್ಷಗಳಲ್ಲಾದರೆ ಇಂಥ ದಾರಿ ಸಿಕ್ಕಿದ್ದಕ್ಕೆ ಹಾಡು ಹೇಳುತ್ತಿದ್ದೆ. ಆವತ್ತು ಟೈರಿನ ಕೆಳಗೆ ಒಣ ಎಲೆ ಪುಡಿಯಾಗುವ ಸದ್ದು, ಹಿಂದಿನಿಂದ ಅಪ್ಪನ ಉಸಿರು, ಇವೆರಡೇ ಕೇಳುತ್ತಿದ್ದವು. ನಿನ್ನೆಯ ಹಾಗೆ ಅವನನ್ನು ಬಿಟ್ಟು ಹೋಗಲಿಲ್ಲ. ಏರು ಬಂದಲ್ಲಿ ನಾನೂ ಇಳಿದು ತಳ್ಳಿದೆ.

ಆ ರಾತ್ರಿ ಉಳಿಯಲು ಅಪ್ಪ ಹೇಳಿದ್ದ ಊರಿನ ಪ್ರಾಥಮಿಕ ಶಾಲೆಯ ಜಗುಲಿ ಕೇಳಿಟ್ಟಿದ್ದೆ. ಅಲ್ಲಿನ ಮೇಷ್ಟ್ರು ನನಗೆ ತರಬೇತಿಯೊಂದರಲ್ಲಿ ಪರಿಚಯವಾದವರು. ರಜೆಗೆ ತಮ್ಮ ಊರಿಗೆ ಹೋಗಿದ್ದ ಅವರು ಫೋನಿನಲ್ಲಿ, "ಕೀ ಬಿಸಿಯೂಟದ ಗಿರಿಜಮ್ಮನ ಹತ್ರ ಇದೆ, ಶಾಲೆ ಎದುರಿನ ಮನೆ," ಎಂದರು. ಆ ಹೆಸರನ್ನು ನಾನು ಅಪ್ಪನಿಗೆ ಹೇಳಿದಾಗ ಅವನು ಸೈಕಲ್ಲಿನ ಸೀಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕೋರ್ಟಿನ ಕಾಗದದಲ್ಲಿ ಸತ್ತವರ ಹೆಂಡತಿಯ ಹೆಸರು ಅದೇ ಇತ್ತು.

ನಾಲ್ಕೂವರೆಗೆ ಆ ಮನೆಯ ಮುಂದೆ ನಿಂತಿದ್ದೆವು. ಹಂಚಿನ ಸಣ್ಣ ಮನೆ, ಅಂಗಳದಲ್ಲಿ ಮುರುಗಲು ಹಣ್ಣಿನ ಸಿಪ್ಪೆ ಒಣಗಲು ಹರವಿತ್ತು. ಹೊರಗೆ ಬಂದ ಗಿರಿಜಮ್ಮನಿಗೆ ಐವತ್ತೈದರ ಆಸುಪಾಸು. ಗಟ್ಟಿಮುಟ್ಟಾದ ಹೆಂಗಸು. "ಮೇಷ್ಟ್ರು ಹೇಳಿದ್ರು. ಈ ಬಿಸ್ಲಲ್ಲಿ ಸೈಕಲ್ ತುಳ್ಕಂಡ್ ಬಂದ್ರಾ? ಕೂತ್ಕಳಿ," ಎಂದು ಜಗುಲಿಗೆ ಚಾಪೆ ಹಾಕಿದರು. ಒಳಗಿನಿಂದ ಎರಡು ಲೋಟ ಮಜ್ಜಿಗೆ ತಂದರು. ಬಾಯಾರಿಕೆಗೆ ನಾನು ಕುಡಿದುಬಿಟ್ಟೆ. ಅಪ್ಪ ಲೋಟವನ್ನು ಹಿಡಿದುಕೊಂಡೇ ಇದ್ದ. ಆಮೇಲೆ ಅದನ್ನು ಚಾಪೆಯ ಆಚೆ ನೆಲದ ಮೇಲಿಟ್ಟ.

"ಇದನ್ನ ಕುಡಿಯೋಕೆ ಮುಂಚೆ ನಿಮಗೊಂದು ಮಾತು ಹೇಳ್ಬೇಕಮ್ಮ. ನಾನು ಶೇಖರಪ್ಪ. ಆವತ್ತು ಆ ಬಸ್ಸು ಓಡಿಸ್ತಿದ್ದದ್ದು ನಾನು."

ಗಿರಿಜಮ್ಮ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದವರು ನೇರ ನಿಂತರು. ಅಪ್ಪ ಎಲ್ಲವನ್ನೂ ಹೇಳಿದ. ಹೊಳೆಯ ಬಂಡೆಯ ಮೇಲೆ ನನಗೆ ಹೇಳಿದ ಕ್ರಮದಲ್ಲೇ, ಏನನ್ನೂ ಬಿಡದೆ. ಕ್ಷಮಿಸಿ ಎಂಬ ಮಾತನ್ನು ಹೇಳಲಿಲ್ಲ. ಆಮೇಲೆ ನಾನು ಯಾಕೆಂದು ಕೇಳಿದಾಗ, ಅದು ಕೇಳೋ ಮಾತಲ್ಲ ಅಂದ.

ಅವರು ಕೇಳಿದ್ದು ಮೂರೇ ಪ್ರಶ್ನೆ.

"ಅವ್ರು ಕುಡ್ದಿದ್ರಾ?"

"ಇಲ್ಲ."

"ನಿಮಗದು ಗೊತ್ತಿತ್ತಾ?"

"ಗೊತ್ತಿತ್ತು."

"ಕೋರ್ಟಲ್ಲಿ ಎಂತ ಹೇಳಿದ್ರಿ?"

"ಗೊತ್ತಿಲ್ಲ ಅಂದೆ."

ಗಿರಿಜಮ್ಮ ಒಳಗೆ ಹೋಗಿ ಶಾಲೆಯ ಕೀ ತಂದರು. ಅಪ್ಪನ ಕಡೆ ನೋಡದೆ ನನ್ನ ಕೈಗೆ ಹಾಕಿದರು. "ಹಿಂದುಗಡೆ ನಲ್ಲಿ ಇದೆ. ಸಂಜೆ ಆರಕ್ಕೆ ನೀರು ಬಿಡ್ತಾರೆ," ಅಂದರು. ನೆಲದ ಮೇಲಿನ ಲೋಟವನ್ನು ತೆಗೆದುಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಂಡಿತು.

ಶಾಲೆಯ ಜಗುಲಿಯಲ್ಲಿ ಉಳಿದ ಅವಲಕ್ಕಿ ಕಲಸಿದೆ. ಅಪ್ಪ ಮಾತ್ರೆ ತೆಗೆದುಕೊಳ್ಳಬೇಕಿದ್ದರಿಂದ ನಾಲ್ಕು ತುತ್ತು ತಿಂದ. ಬೆಳಿಗ್ಗೆ ಬೆಳಕು ಹರಿಯುವ ಮುಂಚೆ ಹೊರಟುಬಿಡೋಣ, ಹೇಳಬೇಕಾದ್ದು ಹೇಳಿಯಾಯಿತಲ್ಲ ಅಂದೆ. ನಿಜ ಹೇಳಬೇಕೆಂದರೆ ಅವರ ಮುಖವನ್ನು ಇನ್ನೊಮ್ಮೆ ನೋಡುವ ಧೈರ್ಯ ನನಗಿರಲಿಲ್ಲ. ಅಪ್ಪ ಒಪ್ಪಲಿಲ್ಲ. "ಕೀ ಅವರ ಕೈಗೇ ಕೊಟ್ಟು ಹೋಗೋಣ," ಅಂದ.

ಕೀ ಕೊಡಲು ನಾವು ಹೋಗಬೇಕಾಗಲಿಲ್ಲ. ಬೆಳಿಗ್ಗೆ ಆರು ಗಂಟೆಗೆ ಗಿರಿಜಮ್ಮನೇ ಶಾಲೆಯ ಅಂಗಳದಲ್ಲಿ ನಿಂತಿದ್ದರು. ಮಡಿಕೆ ಬಿಚ್ಚಿದ ಸೀರೆ ಉಟ್ಟು, ತಲೆ ಬಾಚಿಕೊಂಡು, ಎಲ್ಲಿಗೋ ಹೊರಟವರ ಹಾಗೆ. ಕಣ್ಣು ಕೆಂಪಗಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ನನಗೆ ಹೇಳಿದ್ರೆ ಎಂತ ಬಂತು? ಅವ್ರು ಕುಡಿಯೋರಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಗೊತ್ತಿಲ್ದೇ ಇರೋರಿಗೆ ಹೇಳಿ. ನಡೀರಿ ನನ್ನ ಜೊತೆ."

ಹೋಗಬೇಕಿದ್ದದ್ದು ಆಚೆ ದಡದ ಊರಿನಲ್ಲಿದ್ದ ಅವರ ಬಾವ, ಅಂದರೆ ಗಂಡನ ಅಣ್ಣ ಚೌಡಪ್ಪನವರ ಮನೆಗೆ. ಮಳೆಗಾಲದಲ್ಲಾದರೆ ಸುತ್ತಿ ಬಳಸಿ ಅರ್ಧ ದಿನದ ದಾರಿ. ಬೇಸಿಗೆಯಲ್ಲಿ ನೀರಿಳಿದಾಗ, ಅಣೆಕಟ್ಟಿಗೆ ಮುಂಚಿನ ಹಳೆಯ ರಸ್ತೆ ಹಿನ್ನೀರಿನ ತಳದಿಂದ ಎದ್ದು ಬರುತ್ತದೆ. ಆ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್. ಗಿರಿಜಮ್ಮ ನಡೆದರು. ನಾವು ಸೈಕಲ್ ತಳ್ಳಿಕೊಂಡು ಹಿಂದೆ ಹೋದೆವು.

ನಾನು ಕಂಡ ದಾರಿಗಳಲ್ಲಿ ಅಂಥದ್ದು ಇನ್ನೊಂದಿಲ್ಲ. ಅಕ್ಕಪಕ್ಕದಲ್ಲಿ ಬಿರಿದ ಮಣ್ಣು, ಅಲ್ಲಲ್ಲಿ ಎಳೆ ಹುಲ್ಲು, ನೀರಿನಲ್ಲಿ ಕಪ್ಪಾಗಿ ಕೊಳೆಯದೆ ನಿಂತ ಮರದ ಬೊಡ್ಡೆಗಳು. ನಡುವೆ ಕಲ್ಲು ಹಾಸಿದ ರಸ್ತೆ ಸವೆದಿದ್ದರೂ ದಿಕ್ಕು ತಪ್ಪದೆ ಹೋಗುತ್ತಿತ್ತು. ಬಾಯಿ ತೆರೆದ ಮೋರಿಯೊಂದರ ಹತ್ತಿರ ಕಟ್ಟು ಕುಸಿದಿತ್ತು. ಅಲ್ಲಿ ಇಳಿದು ಹತ್ತಬೇಕು. ದೂರದಲ್ಲಿ ದನಗಳು ಮೇಯುತ್ತಿದ್ದವು. ಗಿರಿಜಮ್ಮ ಒಂದೆರಡು ಕಡೆ ಮಾತ್ರ ಬಾಯಿಬಿಟ್ಟರು. ಗಂಡ ಬೇಸಿಗೆಯಲ್ಲಿ ಸೈಕಲ್ಲಿನ ಹಿಂದೆ ಕೊಡೆಯ ಪೆಟ್ಟಿಗೆ ಕಟ್ಟಿಕೊಂಡು ಇದೇ ದಾರಿಯಲ್ಲಿ ಆಚೆಯ ಊರುಗಳಿಗೆ ಹೋಗುತ್ತಿದ್ದರಂತೆ. "ನಮ್ಮತ್ತೆಯವ್ರಿಗೆ ಸಾಯೋವರೆಗೂ ಅದೇ ಕೊರಗು. ಮಾವ ಕುಡ್ದು ಕುಡ್ದು ಹೋದ್ರು, ಮಗನೂ ಹಂಗೇ ಹೋದ ಅಂತ. ಬಾವ ಅಂತೂ ಹಿರಿಯರ ಹಬ್ಬಕ್ಕೆ ತಮ್ಮನ ಹೆಸರಲ್ಲಿ ಎಡೆ ಇಟ್ಟಿಲ್ಲ. ಕುಡ್ದು ಸತ್ತೋರಿಗೆ ನಮ್ಮನೇಲಿ ಎಲೆ ಹಾಕಲ್ಲ ಅಂದ್ರು. ಆವತ್ತಿಂದ ಅವ್ರು ನನ್ನ ಮನೆಗೆ ಬಂದಿಲ್ಲ, ನಾನೂ ಹೋಗಿಲ್ಲ."

ಅಪ್ಪ ಅದನ್ನು ಕೇಳಿಸಿಕೊಂಡು ತಲೆ ತಗ್ಗಿಸಿ ಸೈಕಲ್ ತಳ್ಳುತ್ತಿದ್ದ. ಅವನ ಒಂದು 'ಗೊತ್ತಿಲ್ಲ' ಯಾವ್ಯಾವ ಮನೆಗೆ ಹೋಗಿ ಕೂತಿದೆ ಎಂಬುದು ಅವನಿಗೆ ಗೊತ್ತಾಗುತ್ತಿದ್ದದ್ದು ಈಗಲೇ.

ಚೌಡಪ್ಪನವರು ದಡದ ಮೇಲಿನ ಮನೆಯ ಅಂಗಳದಲ್ಲಿ ಮೀನಿನ ಬಲೆ ಹರವಿಕೊಂಡು ಹರಿದಲ್ಲಿ ಹೊಲಿಯುತ್ತಿದ್ದರು. ಎಪ್ಪತ್ತು ದಾಟಿದವರು. ತಮ್ಮನ ಹೆಂಡತಿ ಅಂಗಳಕ್ಕೆ ಕಾಲಿಟ್ಟದ್ದನ್ನು ನೋಡಿ ಎದ್ದು ನಿಂತರು. ಅವರ ಹೆಂಡತಿ ಬಾಗಿಲಿಗೆ ಬಂದರು. ಗಿರಿಜಮ್ಮ ನಮಸ್ಕಾರ ಮಾಡಲಿಲ್ಲ, ಕೂರಲಿಲ್ಲ.

"ಬಾವ, ಇವ್ರು ಆ ಬಸ್ಸಿನ ಡ್ರೈವರು. ಇವ್ರು ಹೇಳೋದನ್ನ ಕೇಳಿ."

ಅಪ್ಪ ಮೂರನೆಯ ಸಲ ಹೇಳಿದ. ಹಾರ್ನ್ ಒತ್ತಿದೆ ಎನ್ನುವಲ್ಲಿ ಅವನ ಬಲಗೈ ತಾನಾಗಿ ಮುಂದೆ ಹೋದದ್ದನ್ನು ನಾನು ನೋಡಿದೆ. ಚೌಡಪ್ಪನವರು ಕೊನೆಯವರೆಗೂ ಕೇಳಿದರು. ಕೈಯಲ್ಲಿದ್ದ ಬಲೆ ಕೆಳಗೆ ಬಿಟ್ಟಿರಲಿಲ್ಲ.

"ಇಷ್ಟು ವರ್ಷ ನೀವು ಎಂತ ಮಾಡ್ತಿದ್ರಿ?" ಎಂದು ಕೇಳಿದರು.

"ಬಸ್ಸು ಓಡಿಸ್ತಿದ್ದೆ," ಅಪ್ಪ ಅಂದ.

ಕೋಳಿಯೊಂದು ಬಲೆಯೊಳಗೆ ಕಾಲು ಸಿಕ್ಕಿಸಿಕೊಂಡು ಒದ್ದಾಡಿತು. ಹೆಂಡತಿ ಬಂದು ಅದನ್ನು ಬಿಡಿಸಿದರು. ಚೌಡಪ್ಪನವರು ಅಪ್ಪನ ಹತ್ತಿರ ಬಂದು ನಿಂತರು. ಹೊಡೆಯುತ್ತಾರೆಂದು ನಾನು ಸೈಕಲ್ ಬಿಟ್ಟು ಒಂದು ಹೆಜ್ಜೆ ಮುಂದಿಟ್ಟೆ. ಅವರು ಹೊಡೆಯಲಿಲ್ಲ. "ನನಗೆ ಯಾರೋ ಬಂದು ಹೇಳಿದ್ರು. ನಾನು ನಂಬಿದೆ. ನಮ್ಮಪ್ಪನ್ನ ನೋಡಿದ್ದೆ, ಅದಕ್ಕೆ ನಂಬಿದೆ," ಅಂದರು. ಹೇಳಿದ್ದು ಅಪ್ಪನಿಗೋ, ಗಿರಿಜಮ್ಮನಿಗೋ, ತಿಳಿಯಲಿಲ್ಲ. ಆಮೇಲೆ ಹೆಂಡತಿಯ ಕಡೆ ತಿರುಗಿದರು.

"ಕೇಳಿದ್ಯನೇ? ಈ ಸಲ ಎಡೆ ಒಂದು ಹೆಚ್ಚಿಗೆ ಇಡ್ಬೇಕು."

ಗಿರಿಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಂಗಳದ ಕಲ್ಲಿನ ಮೇಲೆ ಕೂತರು. ಅವರು ಅತ್ತದ್ದನ್ನು ನಾನು ನೋಡಿದ್ದು ಆಗ ಮಾತ್ರ. ಓರಗಿತ್ತಿ ಅವರ ಪಕ್ಕ ಬಂದು ಕೂತರು, ಮುಟ್ಟಲಿಲ್ಲ.

ನಾವು ಹೊರಟು ನಿಂತಾಗ ಎಂಟೂವರೆ. ಇಲ್ಲಿಂದ ಇನ್ನೊಂದು ದಾರಿಯಲ್ಲಿ ಏರಿದರೆ ಸಾಗರದ ರಸ್ತೆ ಸಿಗುತ್ತದೆಂದು ಚೌಡಪ್ಪನವರ ಹೆಂಡತಿ ತೋರಿಸಿದರು. ಚಾ ಕುಡಿದು ಹೋಗಿ ಎಂದು ಯಾರೂ ಅನ್ನಲಿಲ್ಲ. ಅನ್ನಬೇಕೆಂದು ನಾನು ಬಯಸಲೂ ಇಲ್ಲ. ಗಿರಿಜಮ್ಮ ಎದ್ದು ಅಪ್ಪನ ಸೈಕಲ್ಲಿನವರೆಗೆ ಬಂದರು.

"ಬಂದಿದ್ದು ಒಳ್ಳೇದಾಯ್ತು," ಅಂದರು. ಆಮೇಲೆ, "ಇನ್ನು ಬರೋದು ಬೇಡ."

ಅಪ್ಪ ಕೈ ಮುಗಿದ. ಅವರು ಕೈ ಮುಗಿಯಲಿಲ್ಲ, ಆದರೆ ಅವನು ಕೈ ಇಳಿಸುವವರೆಗೂ ಎದುರಿಗೇ ನಿಂತಿದ್ದರು.

ದಡದ ಏರು ಕಡಿದಾಗಿತ್ತು. ಕಾಡಿನ ಅಂಚು ಮುಟ್ಟುವವರೆಗೂ ತಳ್ಳಿಕೊಂಡೇ ಹತ್ತಿದೆವು. ಅಪ್ಪ ಎರಡು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಒಂದು ಕೈಯಲ್ಲಿ ನನ್ನ ಸೈಕಲ್, ಇನ್ನೊಂದು ಕೈಯಲ್ಲಿ ಅವನ ಸೈಕಲ್ಲಿನ ಸೀಟು ಹಿಡಿದು ದೂಡಿದೆ. ಅವನು ಬೇಡ ಅನ್ನಲಿಲ್ಲ. ಮೇಲೆ ತಲುಪಿದಾಗ ನೆರಳಿತ್ತು. ಸಾಗರಕ್ಕೆ ಇನ್ನೂ ಇಪ್ಪತ್ತೆಂಟು ಕಿಲೋಮೀಟರ್. ಅಲ್ಲಿಂದ ಸೈಕಲ್ಲುಗಳನ್ನು ಬಸ್ಸಿನ ಟಾಪಿಗೆ ಹಾಕಿ ಊರಿಗೆ ಹೋಗುವುದೆಂದು ಮೊದಲು ಅಂದುಕೊಂಡಿದ್ದೆವು.

"ಬಸ್ಸಾ, ತುಳಿಯೋದಾ?" ಎಂದು ಕೇಳಿದೆ.

"ಸಾಗರದಲ್ಲಿ ಒಂದು ರಾತ್ರಿ ಉಳಿಯೋಣ. ನಾಳೆ ನಿಧಾನಕ್ಕೆ ತುಳೀತೀನಿ," ಅಂದ ಅಪ್ಪ. "ನಿಮ್ಮಮ್ಮನಿಗೆ ಹೇಗೆ ಹೇಳೋದು ಅಂತ ಯೋಚನೆ ಮಾಡೋಕೆ ಟೈಮ್ ಬೇಕು."

ಅವನು ನೀರು ಕುಡಿಯುತ್ತಿದ್ದಾಗ ನಾನು ಹಿಂದಿರುಗಿ ನೋಡಿದೆ. ಬಿಸಿಲಿಗೆ ಹಿನ್ನೀರಿನ ತಳವೆಲ್ಲ ಮಸುಕಾಗಿ ಕಾಣುತ್ತಿತ್ತು. ಹಳೆಯ ರಸ್ತೆಯ ಮೇಲೆ ಗಿರಿಜಮ್ಮ ತಮ್ಮ ಊರಿನ ಕಡೆ ನಡೆಯುತ್ತಿದ್ದರು. ಅವರ ಹಿಂದೆ, ಸುಮಾರು ಐವತ್ತು ಮಾರು ಹಿಂದೆ, ಕೋಲು ಊರಿಕೊಂಡು ಚೌಡಪ್ಪನವರು ಬರುತ್ತಿದ್ದರು. ಗಿರಿಜಮ್ಮ ತಿರುಗಿ ನೋಡದೆ ಕುಸಿದ ಮೋರಿಯವರೆಗೆ ಹೋದರು. ಅಲ್ಲಿ ನಿಂತರು. ಮುದುಕರು ಒಂದೊಂದೇ ಹೆಜ್ಜೆ ಇಡುತ್ತ ಬಂದು ಸೇರುವವರೆಗೂ ನಿಂತೇ ಇದ್ದರು.